ಕೊನೆ ಸಾಲಿನ ತನಕ ಹೂಂ

ಒಂದಾನೊಂದು ಕಾಲದಲ್ಲಿ, ಅಂದರೆ ಬಹಳ ಹಿಂದೇನಲ್ಲ, ಹೋದ ವಾರವಷ್ಟೇ, ಒಂದೂರಿನಲ್ಲಿ ಡಾಕ್ಟರಾಗಬೇಕೆಂದು ಹಟ ಹಿಡಿದ ಹುಡುಗಿಯೊಬ್ಬಳಿದ್ದಳು. ಊರಾಚೆಯ ದಿಬ್ಬದ ಮೇಲೆ ವೈದ್ಯಕೀಯ ಕಾಲೇಜು. ಅದರ ಬಾಗಿಲನ್ನು ಅವಳು ಮೂರು ವರ್ಷದಲ್ಲಿ ಮೂರು ಸಲ ತಟ್ಟಿದ್ದಳು. ಮೂರು ಸಲವೂ ಒಳಗಿನಿಂದ ಬಂದದ್ದು ಒಂದು ಕಾಗದ. ಬಹಳ ಮರ್ಯಾದಸ್ಥ ಕಾಗದ. ‘ನಿಮ್ಮ ಆಸಕ್ತಿಗೆ ವಂದನೆಗಳು, ಆದರೆ’ ಎಂದು ಶುರುವಾಗುತ್ತಿತ್ತು. ‘ಆದರೆ’ಯ ಆಚೆಗೆ ಹುಡುಗಿ ಯಾವತ್ತೂ ಓದಲಿಲ್ಲ.

“ಅಜ್ಜಿ, ನಿನ್ನ ಕತೆಗಳೆಲ್ಲ ಬರೀ ಸುಳ್ಳು. ಮೂರನೇ ಸಲಕ್ಕೆ ಬಾಗಿಲು ತೆಗೀಬೇಕಿತ್ತು ತಾನೆ?” ಎಂದಳು ಹುಡುಗಿ.

“ಅದು ರಾಜಕುಮಾರನಿಗೆ ಕಣೆ. ನಿನಗೇನು ಕುದುರೆ ಇದೆಯಾ?” ಎಂದಳು ಅಜ್ಜಿ.

ಮೂರನೇ ಕಾಗದ ಬಂದಮೇಲೆ ಹುಡುಗಿ ಧೈರ್ಯ ಮಾಡಿ ಕಾಲೇಜಿಗೆ ಫೋನ್ ಮಾಡಿದ್ದಳು. ಆ ಕಡೆಯಿಂದ ಒಂದು ದಣಿದ ಹೆಂಗಸಿನ ದನಿ, “ನಿಮ್ಮ ಅಂಕಗಳೆಲ್ಲ ಸರಿಯಾಗೇ ಇವೆಯಮ್ಮ. ಯಾಕೆ ಡಾಕ್ಟರಾಗಬೇಕು ಅಂತ ಒಂದು ಪುಟ ಬರೀತೀರಲ್ಲ, ಅದು ಮಾತ್ರ ಎಲ್ಲರದ್ದರ ಹಾಗೇ ಇತ್ತು” ಎಂದಿತು. ಒಬ್ಬರು ನಾಲ್ಕೇ ಸಲ ಅರ್ಜಿ ಹಾಕಬಹುದು ಎಂದೂ ನೆನಪಿಸಿತು.

ಹಾಗಾಗಿ ಉಳಿದದ್ದು ಒಂದೇ ಒಂದು ಸಲ.

ಅಜ್ಜಿಯ ಕತೆಗಳಿಗೆ ಒಂದು ಕಾನೂನಿತ್ತು. ಕೇಳುವವರು ಹೂಂಗುಟ್ಟುತ್ತಲೇ ಇರಬೇಕು. ಹೂಂ ನಿಂತ ಜಾಗದಲ್ಲೇ ಕತೆಯೂ ನಿಲ್ಲುತ್ತಿತ್ತು, ರಾಕ್ಷಸ ಎತ್ತಿದ ಕಾಲು ಎತ್ತಿದ ಹಾಗೇ ಇರಲಿ. ಚಿಕ್ಕವಳಿದ್ದಾಗ ತೂಕಡಿಸಿ ಹುಡುಗಿ ಎಷ್ಟು ರಾಕ್ಷಸರನ್ನು ಹಾಗೆ ಒಂಟಿಕಾಲಲ್ಲಿ ನಿಲ್ಲಿಸಿದ್ದಳೋ ಲೆಕ್ಕವಿಲ್ಲ. ಈಗ ಅಜ್ಜಿಯ ಕಣ್ಣು ಮಂಜಾಗಿತ್ತು. ಕತೆ ಕೇಳುವ ಸರದಿ ಅವಳದಾಗಿತ್ತು. ನಾಲ್ಕನೇ ಸಲಕ್ಕೆ ಬರೆದ ಪುಟವನ್ನು ಹುಡುಗಿ ಕಿಟಕಿ ಪಕ್ಕ ಕೂತು ಅವಳಿಗೆ ಓದಿದಳು.

“‘ಬಾಲ್ಯದಿಂದಲೂ ಮಾನವ ಸೇವೆಯೇ ನನ್ನ ಜೀವನದ ಗುರಿಯಾಗಿದೆ...’”

“ಹೂಂ.”

“‘ನೊಂದವರ ಕಣ್ಣೀರನ್ನು ಒರೆಸುವ ಮಹತ್ತರ ಕನಸನ್ನು ಹೊತ್ತು...’”

“ಹೂಂ...”

ಮೂರನೇ ಸಾಲಿಗೆ ಗೊರಕೆ.

ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನಗು ಇಳಿಸಿ, “ಸಾಕು ಬಿಡೆ. ಲ್ಯಾಬಿನಲ್ಲಿ ಕೆಲಸ ಕಾಯಂ ಮಾಡ್ತೀವಿ ಅಂದಿದ್ದಾರಲ್ಲ. ಎಷ್ಟು ಅಂತ ಹಣೆ ಚಚ್ಚಿಕೊಳ್ತೀಯ?” ಎಂದಳು.

ಹುಡುಗಿ ಅಜ್ಜಿಯ ಮೊಣಕೈ ಅಲುಗಿಸಿದಳು. “ಅಜ್ಜಿ, ನೀನು ಕೊನೆ ಸಾಲಿನ ತನಕ ಹೂಂ ಅನ್ನೋ ಹಾಗೆ ಬರೀತೀನಿ. ಅಲ್ಲೀತನಕ ಕಳಿಸಲ್ಲ.”

“ಮಾತು ಕೊಟ್ಟ ಹಾಗಾಯ್ತು, ನೋಡು,” ಎಂದಳು ಅಜ್ಜಿ ಕಣ್ಣು ಬಿಡದೆ. ಅರ್ಜಿಯ ಗಡುವು ಶುಕ್ರವಾರ ಸಂಜೆ ಐದು.

ಹುಡುಗಿಯ ಕೆಲಸ ಆಸ್ಪತ್ರೆಯ ಹಿಂಬದಿಯ ಲ್ಯಾಬಿನಲ್ಲಿ. ಬೆರಳು ಚುಚ್ಚಿ, ಗಾಜಿನ ಪಟ್ಟಿಯ ತುದಿಗೆ ಒಂದು ಹನಿ ರಕ್ತ ಇಟ್ಟು, ಇನ್ನೊಂದು ಪಟ್ಟಿಯ ಅಂಚಿನಿಂದ ಅದನ್ನು ಒಂದೇ ಉಸಿರಿಗೆ ಮುಂದಕ್ಕೆ ಎಳೆಯಬೇಕು. ಕೈ ಒಂಚೂರು ಅನುಮಾನಿಸಿದರೂ ಪದರ ಕೆಡುತ್ತದೆ. ಒಣಗಿದ ಮೇಲೆ ಬಣ್ಣ ಸುರಿದು ಹತ್ತು ನಿಮಿಷ ಕಾಯುವುದು. ಆ ಹತ್ತು ನಿಮಿಷ ಅವಳದು. ನೇರಳೆ ಬಣ್ಣದಲ್ಲಿ ಅವಳಿಗೆ ಸಂಜೆಯ ಆಕಾಶ, ದ್ವೀಪ, ಹಾಯಿದೋಣಿ ಎಲ್ಲ ಕಾಣುತ್ತಿದ್ದವು. ಹಿರಿಯ ಟೆಕ್ನೀಷಿಯನ್ ಅವಳಿಗೆ ‘ಮೋಡ’ ಎಂದೇ ಹೆಸರಿಟ್ಟಿದ್ದ.

ವಾರವಿಡೀ ಆ ಹತ್ತತ್ತು ನಿಮಿಷಗಳಲ್ಲಿ ಬರೆದಳು, ಹರಿದಳು. ಶುಕ್ರವಾರ ಬಂದೇಬಿಟ್ಟಿತು.

“ಏನಮ್ಮ ಮೋಡ, ಇವತ್ತು ಸುರಿಯೋದೋ, ಬರೀ ಗುಡುಗೋದೋ?” ಎಂದ ಟೆಕ್ನೀಷಿಯನ್, ಕಸದ ಬುಟ್ಟಿಯೊಳಗೆ ಇಣುಕಿ.

ಅಷ್ಟರಲ್ಲಿ ಹೊಲಿಗೆಯಕ್ಕ ಬಂದು ಕುರ್ಚಿಯಲ್ಲಿ ಕೂತು ಬೆರಳು ಚಾಚಿದಳು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬರುವ ದರ್ಜಿ. ಸೂಜಿಯ ಗುರುತಿನಿಂದ ಒರಟಾದ ಬೆರಳು.

ಹುಡುಗಿ ಯಾರಿಗೂ ಹೇಳದ ಒಂದು ವಿಷಯ ಆ ಬೆರಳಿನಲ್ಲಿತ್ತು. ಹೋದ ವರ್ಷ ಇವಳು ಮೊದಲ ಸಲ ಬಂದಾಗ ಹುಡುಗಿಯ ಕೈ ತಡವರಿಸಿ ಪದರ ಕೆಟ್ಟಿತ್ತು. ಎರಡನೇ ಸಲ ಚುಚ್ಚಬೇಕಾಯಿತು. ಬಣ್ಣ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದ್ವೀಪವಿಲ್ಲ, ದೋಣಿಯಿಲ್ಲ. ಇರಬಾರದ ದಪ್ಪ ದಪ್ಪ ಕಣಗಳು ಗುಂಪುಗಟ್ಟಿ ನಿಂತಿದ್ದವು. ಕಿಟಕಿಯಾಚೆಯಿಂದ ಹೊಲಿಗೆಯಕ್ಕ, “ಏನಿದೆಯಮ್ಮ ನನ್ನ ರಕ್ತದಲ್ಲಿ?” ಎಂದು ಕೇಳಿದ್ದಳು. “ಡಾಕ್ಟರು ಹೇಳ್ತಾರೆ” ಎಂದಿದ್ದಳು ಹುಡುಗಿ. “ನಿನ್ನ ಮುಖ ಆಗಲೇ ಹೇಳಿಬಿಡ್ತಲ್ಲ” ಎಂದಿದ್ದಳು ಅವಳು. ಹುಡುಗಿ ಸಾಮಾನಿನ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡಿದ್ದಳು.

“ಏನಿವತ್ತು ಮುಖ ಹೀಗೆ?” ಎಂದಳು ಹೊಲಿಗೆಯಕ್ಕ. “ಮತ್ತೆ ನನ್ನದೇ ಸಮಾಚಾರಾನಾ?”

“ಇಲ್ಲಕ್ಕ. ಇದು ನಂದು.” ಹುಡುಗಿ ಹತ್ತಿಯಿಂದ ಅವಳ ಬೆರಳು ಒರೆಸಿದಳು. “ಅಕ್ಕ, ಅವತ್ತು ನಾನು ಓಡಿಹೋದೆ.”

“ಗೊತ್ತು. ನಾನೂ ಓಡ್ತಿದ್ದೆ. ರಕ್ತ ನಂದೇ ಆಗಿತ್ತಲ್ಲ, ಅದನ್ನ ಬಿಟ್ಟು ಎಲ್ಲಿಗೆ ಓಡಲಿ?”

ಟೆಕ್ನೀಷಿಯನ್ ಕೂಡ ನಕ್ಕುಬಿಟ್ಟ. ಹುಡುಗಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

“ನಾನೊಂದು ಅರ್ಜಿ ಬರೀತಿದ್ದೀನಿ. ಅದರಲ್ಲಿ ನಿಮ್ಮ ವಿಷಯ ಬರೀಲಾ? ಹೆಸರು ಹಾಕಲ್ಲ.”

“ಬರಿ. ನನ್ನ ಹೊಲಿಗೆ ಬಲು ಅಚ್ಚುಕಟ್ಟು ಅಂತಾನೂ ಸೇರಿಸು.”

ಹುಡುಗಿ ಬೆರಳು ಚುಚ್ಚಿ, ಹನಿ ಇಟ್ಟು ಒಂದೇ ಉಸಿರಿಗೆ ಎಳೆದಳು. ಪದರ ರೇಷ್ಮೆಯಂತೆ ಹರಡಿತು. ಬಣ್ಣ ಸುರಿದು ಗಡಿಯಾರ ನೋಡಿ ಬರೆಯಲು ಕೂತಳು. ಆ ಹತ್ತು ನಿಮಿಷ, ಅದರ ಮುಂದಿನ ಪಟ್ಟಿಯ ಹತ್ತು ನಿಮಿಷ. ಈ ಸಲ ಪೆನ್ನು ಎಲ್ಲೂ ಅನುಮಾನಿಸಲಿಲ್ಲ.

ಮನೆ ಸೇರಿದಾಗ ನಾಲ್ಕು ಮುಕ್ಕಾಲು. ಮೆಟ್ಟಿಲು ಹತ್ತುತ್ತಲೇ, “ಅಜ್ಜಿ, ಮಲಗಬೇಡ!” ಎಂದು ಕೂಗಿದಳು. ಕಿಟಕಿಯ ಬಿಸಿಲು ಅಜ್ಜಿಯ ಮಡಿಲಿಗೆ ಬಂದು ಬೆಕ್ಕಿನ ಹಾಗೆ ಮುದುರಿಕೊಂಡಿತ್ತು. ಹುಡುಗಿ ಕಾಲ ಬಳಿ ಕೂತು ಓದತೊಡಗಿದಳು.

“‘ನಾನು ಬೆರಳು ಚುಚ್ಚುವ ಕೆಲಸದವಳು. ಒಂದು ದಿನ ನನ್ನ ತಪ್ಪಿನಿಂದ ಒಬ್ಬ ದರ್ಜಿ ಹೆಂಗಸಿಗೆ ಎರಡು ಸಲ ಚುಚ್ಚಿದೆ.’”

“ಹೂಂ.”

“‘ಅವಳ ರಕ್ತದಲ್ಲಿ ಏನಿದೆಯೆಂದು ಅವಳಿಗಿಂತ ಮೊದಲು ನಾನು ನೋಡಿದೆ.’”

“ಹೂಂ!”

“‘ಅವಳು ಕೇಳಿದಳು. ಹೇಳುವ ಅಧಿಕಾರ ನನಗಿರಲಿಲ್ಲ. ಎದುರು ನಿಲ್ಲುವ ಎದೆಯೂ ಇರಲಿಲ್ಲ. ನಾನು ಓಡಿಹೋದೆ.’”

ಹೂಂ ಇಲ್ಲ.

ಹುಡುಗಿ ಓದುವುದನ್ನು ನಿಲ್ಲಿಸಿದಳು. ತಲೆ ಎತ್ತುವುದಕ್ಕೇ ಭಯ. ಕೊನೆಗೆ ಎತ್ತಿ ನೋಡಿದರೆ, ಅಜ್ಜಿ ಮಂಜುಗಣ್ಣು ಅರಳಿಸಿಕೊಂಡು ಕುರ್ಚಿಯ ತುದಿಗೆ ಬಂದು ಕೂತಿದ್ದಳು.

“ನಿಲ್ಲಿಸಿದ್ಯಾಕೆ? ಆಮೇಲೇನಾಯ್ತು?”

“ನೀನು ಹೂಂ ಅನ್ನಲಿಲ್ಲ.”

“ಅಯ್ಯೋ, ಮರೆತೇಹೋಯ್ತು ಕಣೆ! ಆ ಹೆಂಗಸು ಬದುಕಿದಾಳೋ ಇಲ್ಲವೋ, ಅದನ್ನ ಹೇಳು ಮೊದಲು.”

“ಬದುಕಿದಾಳೆ. ಚಿಕಿತ್ಸೆ ನಡೀತಿದೆ. ಇವತ್ತು ಬಂದಿದ್ದಳು.”

“ಸರಿ ಹಾಗಾದರೆ, ಓದು. ಹೂಂ!”

ಅಮ್ಮ ಯಾವಾಗಲೋ ಬಂದು ಬಾಗಿಲಿಗೆ ಒರಗಿದ್ದಳು. ಹುಡುಗಿ ಉಸಿರು ಎಳೆದುಕೊಂಡು ಕೊನೆಯ ಸಾಲುಗಳನ್ನು ಓದಿದಳು. “‘ಯಾರಾದರೂ ಅವಳ ಎದುರು ಕುರ್ಚಿ ಎಳೆದು ಕೂತು, ಕಣ್ಣು ತಪ್ಪಿಸದೆ ಹೇಳಬೇಕು. ಆ ಕುರ್ಚಿಯಲ್ಲಿ ಕೂರುವುದನ್ನು ಕಲಿಯಲು ಬಂದಿದ್ದೇನೆ.’”

“ಹೂಂ,” ಎಂದಳು ಅಜ್ಜಿ. ಅದರ ಹಿಂದೆಯೇ ಬಾಗಿಲಿನಿಂದ ಇನ್ನೊಂದು ಸಣ್ಣ ಹೂಂ ಬಂತು. ಹುಡುಗಿ ತಿರುಗಿ ನೋಡುವಷ್ಟರಲ್ಲಿ ಅಮ್ಮ, “ನನ್ನ ಮುಖವೇನು ನೋಡ್ತೀಯ? ಗಡಿಯಾರ ನೋಡು!” ಎಂದು ಗದರಿದಳು.

ಐದಕ್ಕೆ ಎಂಟು ನಿಮಿಷವಿತ್ತು. ಹುಡುಗಿ ಫೋನಿನಲ್ಲಿ ಆ ಪುಟದ ಚಿತ್ರ ತೆಗೆದು ಅರ್ಜಿಗೆ ಸೇರಿಸಿ, ಒಂದೇ ಉಸಿರಿಗೆ, ಕೈ ತಡವರಿಸದೆ, ‘ಕಳಿಸು’ ಒತ್ತಿದಳು.