ಕಾಳಯ್ಯನ ರ‍್ಯಾಂಪು

ಪ್ಲಾಸ್ಟಿಕ್ ಕುರ್ಚಿ ತರಲು ಹೊರಟವರನ್ನು ಸಿದ್ದಲಿಂಗಮ್ಮ ತಡೆದಳು. "ಯಾರ ಮನೆ ಕುರ್ಚಿನೂ ಬ್ಯಾಡ, ಅವ್ರದೇ ಐತೆ," ಎಂದು ಒಳಗಿನಿಂದ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಹೊಚ್ಚ ಹೊಸದು. ಅದರ ಕವರನ್ನೂ ಯಾರೂ ಕಿತ್ತಿರಲಿಲ್ಲ.

ಅವರ ಜನರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಆಸ್ಪತ್ರೆಯಿಂದ ಬಂದ ಅವಳ ಗಂಡ ಕಾಳಯ್ಯನನ್ನು ಅದರಲ್ಲಿ ಕೂರಿಸಿ, ಎದೆಗೊಂದು ಹಣೆಗೊಂದು ಬಿಳಿ ಬಟ್ಟೆ ಬಿಗಿದು, ಸೇವಂತಿಗೆ ಹಾರ ಹಾಕಿದರು. ಹಿನಕಲ್‌ನ ಆ ಬೀದಿಯಲ್ಲಿ ಅವನು ಬಣ್ಣ ಬಳಿಯದ ಮನೆಯೇ ಇರಲಿಲ್ಲ. ಆ ಗೋಡೆಗಳಿಗೇ ಒರಗಿಕೊಂಡು ಜನ ನಿಂತಿದ್ದರು.

"ಒಳಕ್ಕೆ ಕರ್ಕೊಂಡೋಗವ," ಎಂದಳು ಸಿದ್ದಲಿಂಗಮ್ಮ.

ಬೀದಿಯ ಹಿರಿಯ ಕೃಷ್ಣಪ್ಪ ಅಡ್ಡ ಬಂದ. "ಏನವ್ವ ಇದು? ಹೊರಗೆ ಪ್ರಾಣ ಬುಟ್ಟೋರ್ನ ಹೊಸಿಲು ದಾಟಿಸಬಾರದು ಕಣವ್ವ. ಇಲ್ಲೇ ಇರ್ಲಿ."

"ರ‍್ಯಾಂಪು ಅವ್ರಿಗೇ ಅಂತ ಕಟ್ಸಿದ್ದು, ಮಾವ."

"ನೀನೇನೋ ಕಟ್ಸಿದ್ದೆ, ಸರಿ. ಯೋಗ ಇರ್ಲಿಲ್ವಲ್ಲ."

ಯೋಗವಂತೆ! ಯೋಗದ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಊರಿಗೆ ಸುಲಭ. ತಪ್ಪು ಯಾರದೆಂದು ಸಿದ್ದಲಿಂಗಮ್ಮನಿಗೆ ಗೊತ್ತಿತ್ತು.

*

ಕುವೆಂಪುನಗರದ ಮನೆಯೊಂದಕ್ಕೆ ಬಣ್ಣ ಹೊಡೆಯುವಾಗ ಸಾರುವೆಯಿಂದ ಬಿದ್ದು ಕಾಳಯ್ಯನ ಬೆನ್ನುಮೂಳೆ ಮುರಿದಿತ್ತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ನಾಲ್ಕು ತಿಂಗಳಾದ ಮೇಲೆ ಡಾಕ್ಟರಮ್ಮ ಹೇಳಿದರು: "ಇಲ್ಲಿನ ಚಿಕಿತ್ಸೆ ಮುಗೀತು. ಸುಮ್ನೆ ಇಲ್ಲೇ ಇದ್ರೆ ಸೋಂಕು ತಗಲುತ್ತೆ. ಅಂಗವಿಕಲರು ಬೇಗ ಮನೆ ಸೇರ್ಲಿ ಅಂತ ಗಾಲಿಕುರ್ಚಿಗೆ, ಮನೆ ಮಾರ್ಪಾಡಿಗೆ ಸರ್ಕಾರ ದುಡ್ಡು ಕೊಡುತ್ತೆ, ಅರ್ಜಿ ಹಾಕಿ."

ಹಾಕಿದ್ದಾಯಿತು. ಪುಣ್ಯಕ್ಕೆ ದುಡ್ಡೂ ಬಂತು. ಗಾಲಿಕುರ್ಚಿ ಬಂತು, ಬಚ್ಚಲ ಬಾಗಿಲು ಅಗಲವಾಯಿತು. ಗಾರೆ ಕೆಲಸದ ಮೈದುನ ವಿಜಯ್‌ಕುಮಾರ್ ಮೆಟ್ಟಿಲು ಒಡೆದು ಕಾಂಕ್ರೀಟಿನ ರ‍್ಯಾಂಪು ಹಾಕಿದ. "ಎರಡು ವಾರ ನೀರುಣಿಸಿ ಅತ್ಗೆ, ಆಮೇಲೆ ಗಾಲಿ ಹತ್ತಿಸಿ," ಎಂದ.

ನಾಲ್ಕನೆಯ ದಿನಕ್ಕೇ ಕಾಳಯ್ಯನ ತಾಳ್ಮೆ ಮುಗಿಯಿತು. "ಲೇ, ಇವತ್ತೇ ಡಿಸ್ಚಾರ್ಜ್ ಕೊಡ್ತಾರಂತೆ. ನಾಕು ಜನ ಎತ್ಕೊಂಡೋಗಿ ಒಳಕ್ಕೆ ಬುಟ್ಬುಡ್ಲಿ. ನಡಿ ಹೋಗವ."

ಅವಳು ಅವನ ಬಾಯಿ ಮುಚ್ಚಿದಳು. "ಬುಡ್ತು ಅನ್ನಿ! ಬದುಕಿರೋರು ಯಾರಾದ್ರೂ ನಾಕು ಜನರ ಕೈಲಿ ಹೊರಿಸ್ಕೊಂಡು ಮನೆಗೆ ಬತ್ತಾರಾ? ನಾನೇ ತಳ್ಕೊಂಡೋಯ್ತೀನಿ. ಇನ್ನು ಹತ್ತು ದಿನ ತಡ್ಕಳಿ."

"ಹತ್ತು ದಿನಾನಾ? ಈ ಗೋಡೆ ನೋಡಿ ನೋಡಿ ಸಾಕಾಯ್ತು ಕಣೆ. ಬಣ್ಣ ಬಳ್ದ ಕಳ್ನನ್ಮಗ ಎರಡನೇ ಕೋಟೇ ಹೊಡ್ದಿಲ್ಲ," ಎಂದು ಕಾಳಯ್ಯ ನಕ್ಕ.

ಅವಳು ಬೆಳಿಗ್ಗೆ ಸಂಜೆ ಮನೆಗೆ ಓಡಿಬಂದು, ರ‍್ಯಾಂಪಿನ ಮೇಲೆ ಗೋಣಿಚೀಲ ಹಾಸಿ ನೀರುಣಿಸಿದಳು. ಎರಡು ದಿನಕ್ಕೆ ಅವನಿಗೆ ಜ್ವರ ಏರಿತು. ಸೋಂಕು ರಕ್ತಕ್ಕೆ ಸೇರಿದೆ ಎಂದರು. ಮತ್ತೈದು ದಿನಕ್ಕೆ ಹೋಗಿಯೇಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತನ್ನು ತಡೆದದ್ದು ಅವಳದೇ ಕೈ.

*

"ಅವ್ರು ಬತ್ತೀನಿ ಅಂದ್ರು, ನಾನು ಶಕುನ ನೋಡ್ದೆ," ಎಂದಳು ಸಿದ್ದಲಿಂಗಮ್ಮ. "ಇನ್ನೂ ನೋಡು ಅಂತೀರಾ ಮಾವ? ದಾರಿ ಬುಡಿ."

ಕೃಷ್ಣಪ್ಪ ಪಕ್ಕಕ್ಕೆ ಸರಿದ. ಕೈಜೋಡಿಸಲು ಬಂದ ವಿಜಯ್‌ಕುಮಾರ್ ಬಿಕ್ಕಿ ಬಿಕ್ಕಿ ಅತ್ತ. "ರ‍್ಯಾಂಪು ನಾಕು ದಿನಕ್ಕೇ ಭಾರ ತಡ್ಕೊತಿತ್ತು ಅತ್ಗೆ. ಗಟ್ಟಿಯಾಗಿರ್ಲಿ ಅಂತ ನಾನೇ ಎರಡು ವಾರ ಅಂದ್ಬುಟ್ಟೆ."

ಅವಳು ಅವನ ಕೈ ಬಿಡಿಸಿ ಒಬ್ಬಳೇ ತಳ್ಳಿದಳು. ಎಷ್ಟು ಸಲೀಸಾಗಿ ಹತ್ತಿತು, ಅಯ್ಯೋ! ಹೊಸಿಲ ಬಳಿ ಕುರ್ಚಿಯನ್ನು ಕೊಂಚ ಹಿಂದಕ್ಕೆ ವಾಲಿಸಿ ದಾಟಿಸಿ, ನಡುಮನೆಯ ಕಿಟಕಿಗೆ ಎದುರಾಗಿ ನಿಲ್ಲಿಸಿದಳು. "ಮನೆಗೆ ಬಂದ್ರಿ ಕಣ್ರೀ," ಎಂದು ಅವನ ಕೆನ್ನೆ ಸವರಿದಳು. ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದಂತೆ ಬಗ್ಗಿ ಎರಡೂ ಗಾಲಿಗಳ ಬ್ರೇಕು ಹಾಕಿದಳು.

ಹೊರಗೆ ತಮಟೆ ಶುರುವಾಯಿತು. ಹೊತ್ತಾಯಿತೆಂದು ವಿಜಯ್‌ಕುಮಾರ್ ಒಳಗೆ ಬಂದು ಕುರ್ಚಿ ಎಳೆದ. ಅಲುಗಲಿಲ್ಲ. ಮತ್ತೆ ಎಳೆದ. "ಎಲ್ಲೋ ಸಿಕ್ಕಾಕೊಂಡೈತೆ ಅತ್ಗೆ," ಎನ್ನುತ್ತ ಗಾಲಿ ತಡಕಾಡಿದ.

ಸಿದ್ದಲಿಂಗಮ್ಮ ಬ್ರೇಕಿನ ಮೇಲೆ ಸೆರಗು ಹೊದಿಸಿ, ಗಂಡನ ಕಾಲ ಬಳಿ ಕೂತಿದ್ದಳು.