ಗುಂಡಣ್ಣನ ಹೊಟ್ಟೆಯ ಮರಳು

ಹೋದ ಚಳಿಗಾಲವಿಡೀ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಕುದುರೆಯ ಲದ್ದಿ ಇರುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಗಾಜಿನ ಜಾಡಿಗೆ ಲದ್ದಿ ಹಾಕಿ, ನೀರು ತುಂಬಿ, ಚೆನ್ನಾಗಿ ಕದಡಿ, ಮುಚ್ಚಳ ಬಿಗಿದು ನನ್ನ ಹೆಂಡತಿ ವನಮಾಲಾ ಅದನ್ನು ಉಪ್ಪಿನಕಾಯಿಗೂ ಹುಣಸೆಹಣ್ಣಿಗೂ ನಡುವೆ ಇಡುತ್ತಿದ್ದಳು. ಮೈಸೂರಿನಲ್ಲಿದ್ದಾಗ ಬೀದಿನಾಯಿ ಸೋಕಿದರೆ ಉಟ್ಟ ಸೀರೆ ಒಗೆಯಲು ಹಾಕುತ್ತಿದ್ದ ಹೆಂಗಸು ಇವಳು. ಪಕ್ಕದ ಫ್ಲಾಟಿನ ವೈಶಾಲಿ ಒಂದು ದಿನ ಜಾಡಿ ನೋಡಿ, "ಕಾಢಾ ಹೈ ಕ್ಯಾ, ಆಂಟಿ?" ಎಂದು ಕೇಳಿದಳು. ಕಷಾಯವಲ್ಲ ತಾಯಿ ಎಂದು ಹೇಳುವಷ್ಟು ಹಿಂದಿ ವನಮಾಲಾಗೆ ಬರುವುದಿಲ್ಲ. ನಕ್ಕು ತಲೆಯಾಡಿಸಿಬಿಟ್ಟಳು. ವೈಶಾಲಿ ಆಮೇಲೆ ನನ್ನನ್ನು ಲಿಫ್ಟಿನಲ್ಲಿ ಕಂಡಾಗಲೆಲ್ಲ ಅಯ್ಯೋ ಪಾಪ ಎನ್ನುವ ಹಾಗೆ ನೋಡುತ್ತಿದ್ದಳು.

ಕುದುರೆ ನಮ್ಮ ಮಗಳು ರಂಜನಿಯದು. ಇಲ್ಲಿ ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದೆ ಒಂದು ಪ್ಲಾಟು ಬಾಡಿಗೆಗೆ ಹಿಡಿದು, ಮಾತು ತಡವಾದ ಮಕ್ಕಳಿಗಾಗಿ ಅವಳೊಂದು ಕೇಂದ್ರ ನಡೆಸುತ್ತಾಳೆ. ಮಕ್ಕಳು ಬಂದು ಕುದುರೆಯ ಮೈ ಬಾಚುತ್ತಾರೆ, ಹಗ್ಗ ಹಿಡಿದು ಸುತ್ತುತ್ತಾರೆ, ಅದರ ಕಿವಿಯಲ್ಲಿ ಏನೋ ಗೊಣಗುತ್ತಾರೆ. ಕುದುರೆಯೆಂದರೆ ದಸರೆಯ ಕುದುರೆ ಅಂದುಕೊಳ್ಳಬೇಡಿ. ಇದು ನನ್ನ ಸೊಂಟಕ್ಕೆ ಬರುತ್ತದೆ. ಮರಿಯಲ್ಲ, ಕತ್ತೆಯಲ್ಲ, ಇಷ್ಟೇ ಬೆಳೆಯುವ ಜಾತಿ, ಮಿನಿಯೇಚರ್. ರಂಜನಿ ಅದಕ್ಕೆ ಮಫಿನ್ ಎಂದು ಹೆಸರಿಟ್ಟಳು. ವನಮಾಲಾ ಅದರ ಹೊಟ್ಟೆ ನೋಡಿ ಗುಂಡಣ್ಣ ಎಂದಳು. ಅದು ಎರಡನೆಯ ಹೆಸರಿಗೇ ಓಗೊಡುತ್ತದೆ.

ನಾನು ರಿಟೈರಾದ ಮೇಲೆ ಮಗಳ ಹತ್ತಿರ ಇರೋಣವೆಂದು ಇಬ್ಬರೂ ಮುಂಬಯಿಗೆ ಬಂದೆವು. ನನಗೇನು, ಪೇಪರು ಇದೆ, ವಾಕಿಂಗ್ ಗೆಳೆಯರಿದ್ದಾರೆ, ಹರಕು ಹಿಂದಿ ಇದೆ. ಅವಳಿಗೆ ಏನೂ ಇರಲಿಲ್ಲ. ಮೈಸೂರಿನಲ್ಲಿ ತರಕಾರಿಯವಳ ಹತ್ತಿರ ಅರ್ಧ ಗಂಟೆ ಹರಟುತ್ತಿದ್ದವಳು ಇಲ್ಲಿ ಬೆರಳು ತೋರಿಸಿ ಬದನೆಕಾಯಿ ಕೊಂಡು ಬರುತ್ತಿದ್ದಳು. ಸಂಜೆ ಸುಮ್ಮನೆ ಬಾಲ್ಕನಿಯಲ್ಲಿ ಕೂತಿರುತ್ತಿದ್ದಳು. ನನ್ನ ಜೊತೆ ಮಾತಾಡಬಹುದಿತ್ತು ನಿಜ. ಆದರೆ ನನ್ನ ಜೊತೆ ಎಷ್ಟು ಅಂತ ಮಾತಾಡುವುದು, ನನಗೇ ಗೊತ್ತು ನಾನೆಂಥವನು ಅಂತ.

ಗುಂಡಣ್ಣ ಬಂದ ಮೇಲೆ ಅವಳ ಬಾಯಿ ಬಿಚ್ಚಿತು. ದಿನಾ ಬೆಳಿಗ್ಗೆ ಆಟೋ ಹಿಡಿದು ಪ್ಲಾಟಿಗೆ ಹೋಗುವುದು, ಲಾಯದ ಬಾಗಿಲಿಗೆ ನೀರು ಚಿಮುಕಿಸಿ ದೊಡ್ಡದೊಂದು ರಂಗೋಲಿ ಹಾಕುವುದು, ಆಮೇಲೆ ಕುದುರೆಯ ಪಕ್ಕ ಸ್ಟೂಲು ಎಳೆದುಕೊಂಡು ಮಾತಿಗೆ ಕೂರುವುದು. ನಾದಿನಿಯ ವಿಷಯ, ಮಂಡಿನೋವಿನ ವಿಷಯ, ನನ್ನ ಸಿಡುಕಿನ ವಿಷಯ, ಎಲ್ಲ ಅಚ್ಚ ಮೈಸೂರು ಕನ್ನಡದಲ್ಲಿ. ಅದು ಕಿವಿ ಅಲ್ಲಾಡಿಸುತ್ತ ಕೇಳುತ್ತಿತ್ತು. ರಂಗೋಲಿಪುಡಿಗೆ ಬೆರೆಸುವುದಕ್ಕೆಂದು ಮನೆಯ ಅಕ್ಕಿಹಿಟ್ಟೆಲ್ಲ ಅಲ್ಲಿಗೇ ಹೋಗಿ ನನಗೆ ಅಕ್ಕಿರೊಟ್ಟಿ ತಪ್ಪಿಹೋಯಿತು ಎಂದು ನಾನು ಗೊಣಗಿದೆ. "ಬರೀ ಕಲ್ಲುಪುಡಿ ಹಾಕಿದ್ರೆ ಏನ್ ಬಂತು, ನಾಲ್ಕು ಇರುವೆಯಾದ್ರೂ ತಿನ್ನಲಿ," ಎಂದಳು. ಅವಳ ಅಮ್ಮನೂ ಹಾಗೇ ಬೆರೆಸುತ್ತಿದ್ದರಂತೆ.

ದೀಪಾವಳಿ ಕಳೆದ ಮೇಲೆ ಗುಂಡಣ್ಣನಿಗೆ ಹೊಟ್ಟೆನೋವು ಬಂತು. ಮೇವು ಬಿಟ್ಟಿತು, ಮತ್ತೆಮತ್ತೆ ತನ್ನ ಪಕ್ಕೆಯನ್ನೇ ತಿರುಗಿ ನೋಡಿತು, ಆಮೇಲೆ ನೆಲಕ್ಕೆ ಬಿದ್ದು ಹೊರಳತೊಡಗಿತು. ವನಮಾಲಾ ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಅತ್ತಳು. ಪಶುವೈದ್ಯೆ ಅನುರಾಧಾ ಸಾಂತಾಕ್ರೂಜಿನಿಂದ ಬಂದು, ಮೂಗಿನಿಂದ ಕೊಳವೆ ಇಳಿಸಿ ಔಷಧಿ ಕೊಟ್ಟು, ಹೊಟ್ಟೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿ, ಕರುಳಿನಲ್ಲಿ ಮರಳು ಕೂತಿದೆ ಎಂದರು. ಮಕ್ಕಳು ಬಿದ್ದರೆ ಪೆಟ್ಟಾಗದಿರಲಿ ಎಂದು ರಂಜನಿ ಪ್ಲಾಟಿಗೆಲ್ಲ ಮರಳು ಹಾಸಿಸಿದ್ದಳು. ನೆಲದ ಮೇಲಿನ ಹುಲ್ಲು ತಿನ್ನುವಾಗ ಮರಳೂ ಒಳಗೆ ಹೋಗುತ್ತದೆ, ಹೋದದ್ದು ಅಲ್ಲೇ ತಂಗುತ್ತದೆ, ಇಷ್ಟು ಚಿಕ್ಕ ಕುದುರೆಗಂತೂ ಬಲು ಅಪಾಯ ಎಂದರು.

ಮಾರನೆಯ ದಿನದಿಂದ ಹೊಸ ಕಾನೂನು ಶುರುವಾಯಿತು. ಹುಲ್ಲು ನೆಲಕ್ಕೆ ಹಾಕುವಂತಿಲ್ಲ, ಎತ್ತರಕ್ಕೆ ಕಟ್ಟಿದ ಟಬ್ಬಿಗೇ ಹಾಕಬೇಕು. ಟಬ್ಬಿನ ಕೆಳಗೆ ರಬ್ಬರ್ ಮ್ಯಾಟು, ಉದುರಿದ್ದನ್ನು ಅಲ್ಲಿಂದಲೇ ಗುಡಿಸಬೇಕು. ಹಸಿದ ಹೊಟ್ಟೆಯಲ್ಲಿ ಮರಳಿಗೆ ಬಿಡಬಾರದು, ಮೊದಲು ಹುಲ್ಲು, ಆಮೇಲೆ ಸುತ್ತಾಟ. ತಿಂಗಳಿಗೊಂದು ವಾರ ಬೂಸಾಕ್ಕೆ ಇಸಬ್ಗೋಲ್ ಬೆರೆಸಿ ಕೊಡಬೇಕು, ಮರಳನ್ನು ಹೊರಗೆ ತಳ್ಳಲು ಅದು ನೆರವಾಗುತ್ತದೆ. ನಾನು ರಾತ್ರಿ ಮಲಗುವಾಗ ನೀರಿಗೆ ಹಾಕಿಕೊಂಡು ಕುಡಿಯುವ ಅದೇ ಇಸಬ್ಗೋಲ್. ಒಂದು ದಿನ ನನ್ನ ಡಬ್ಬ ಖಾಲಿಯಾಗಿತ್ತು. ಕೇಳಿದ್ದಕ್ಕೆ, "ಅವನಿಗೆ ತಗೊಂಡು ಹೋದೆ ರೀ, ನೀವು ಒಂದಿನ ತಡ್ಕೊಳ್ಳಿ," ಎಂದಳು. ಮನೆಯ ಯಜಮಾನನ ಸ್ಥಾನ ಯಾವುದೆಂದು ಆ ರಾತ್ರಿ ನನಗೆ ಸರಿಯಾಗಿ ತಿಳಿಯಿತು.

ಇಷ್ಟೆಲ್ಲ ಮಾಡಿದ್ದು ಫಲ ಕೊಟ್ಟಿದೆಯೋ ಇಲ್ಲವೋ ನೋಡುವುದಕ್ಕೇ ಆ ಜಾಡಿ. ಲದ್ದಿ ಕದಡಿಟ್ಟರೆ ಅದರಲ್ಲಿದ್ದ ಮರಳು ತಳಕ್ಕೆ ಇಳಿಯುತ್ತದೆ. ಮೊದಮೊದಲು ಇಳಿದರೆ ಒಳ್ಳೆಯದೇ, ಹೊಟ್ಟೆ ಖಾಲಿಯಾಗುತ್ತಿದೆ ಎಂದರ್ಥ. ಆದರೆ ವಾರಗಳು ಕಳೆದರೂ ತಳದ ಪದರ ತೆಳುವಾಗಲೇ ಇಲ್ಲ. ಎಲ್ಲಿಂದಲೋ ಹೊಸ ಮರಳು ಒಳಗೆ ಹೋಗುತ್ತಲೇ ಇತ್ತು.

ನಾನು ಕುದುರೆ ನೋಡಿಕೊಳ್ಳುವ ಬಂಡೆಪ್ಪನ ಮೇಲೆ ಹರಿಹಾಯ್ದೆ. ಸಿಂದಗಿ ಕಡೆಯವನು, ಮೊದಲು ಬಿಲ್ಡಿಂಗ್ ಕೆಲಸಕ್ಕೆ ಬಂದು ಆಮೇಲೆ ಇಲ್ಲಿ ನಿಂತವನು. "ನಮ್ಮ ಕಣ್ಣು ತಪ್ಪಿಸಿ ಹುಲ್ಲು ನೆಲಕ್ಕೆ ಸುರೀತೀಯ ತಾನೇ?" ಎಂದೆ.

"ಇಲ್ರಿ ಸಾಹೇಬ್ರ. ಒಂದ್ ಎಸಳ ಸೈತ ಉಸುಕಿನ್ಯಾಗ ಬೀಳಗೊಡಂಗಿಲ್ರಿ. ಬೇಕಾದ್ರ ನೀವ ಬಂದು ಕುಂದರ್ರಿ," ಎಂದ ಅವನು.

ಜನವರಿಯಲ್ಲಿ ಅನುರಾಧಾ ಖಂಡಿತವಾಗಿ ಹೇಳಿಬಿಟ್ಟರು. ಭಾನುವಾರ ಬರುತ್ತೇನೆ, ಲದ್ದಿಯಲ್ಲಿ ಮರಳು ಇನ್ನೂ ಇಷ್ಟೇ ಇದ್ದರೆ ಈ ಜಾಗ ಅವನಿಗೆ ಆಗುವುದಿಲ್ಲ, ಪುಣೆಯ ಹತ್ತಿರ ಹುಲ್ಲುಗಾವಲು ಇರುವ ಫಾರ್ಮಿದೆ, ಅಲ್ಲಿಗೆ ಕಳಿಸಿ. ಇನ್ನೊಂದು ಸಲ ಹೊಟ್ಟೆ ಕಟ್ಟಿದರೆ ಉಳಿಯುವುದು ಕಷ್ಟ. ರಂಜನಿ ಒಪ್ಪಿದಳು. "ಅಮ್ಮಾ, ಸಾಯೋದಕ್ಕಿಂತ ಅಲ್ಲಿ ಇರೋದು ಬೆಟರ್ ನಾ?" ಎಂದಳು. ವನಮಾಲಾ ಹೂಂ ಎಂದಳು. ಆ ವಾರವೆಲ್ಲ ಅನ್ನಕ್ಕೆ ಕೈ ಹಾಕಿ ಕಲಸುತ್ತಾ ಕೂರುತ್ತಿದ್ದಳು.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಕುದುರೆ ಪುಣೆಗೆ ಹೋದರೆ ಕಿಟಕಿ ಚೊಕ್ಕಟವಾಗುತ್ತದೆ, ಇಸಬ್ಗೋಲ್ ನನ್ನದಾಗುತ್ತದೆ, ಹೆಂಡತಿ ಬೆಳಗಿನ ಕಾಫಿಯ ಹೊತ್ತಿಗೆ ಮನೆಯಲ್ಲಿರುತ್ತಾಳೆ. ಮನುಷ್ಯನಿಗೆ ಇದಕ್ಕಿಂತ ಹೆಚ್ಚೇನು ಬೇಕು.

ಭಾನುವಾರ ಜಾಡಿ ಹಿಡಿದು ಹೊರಟ ಅವಳ ಜೊತೆ ನಾನೂ ಪ್ಲಾಟಿಗೆ ಹೋದೆ. ಡಾಕ್ಟರು ಬರುವುದು ಇನ್ನೂ ತಡವಿತ್ತು. ವನಮಾಲಾ ಎಂದಿಗಿಂತ ದೊಡ್ಡದಾಗಿ ರಂಗೋಲಿ ಹಾಕಿದಳು, ಸುತ್ತ ಬಳ್ಳಿ ಎಳೆದಳು, ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದಳು. ಬಂಡೆಪ್ಪ ಗುಂಡಣ್ಣನನ್ನು ಬಾಗಿಲಿಗೆ ಕರೆತಂದು ನಿಲ್ಲಿಸಿ ನೀರಿನ ಬಕೆಟ್ಟಿಗೆ ಹೋದ. ನಾನು ಕುರ್ಚಿಯಲ್ಲಿ ಪೇಪರು ಬಿಡಿಸಿದ್ದೆ. ಪುಟ ತಿರುವುವಾಗ ತಲೆಯೆತ್ತಿದರೆ, ಗುಂಡಣ್ಣ ಮೂತಿ ಕೆಳಗೆ ಹಾಕಿ ರಂಗೋಲಿ ನೆಕ್ಕುತ್ತಿದ್ದ. ಬಳ್ಳಿಯ ಒಂದು ತುದಿಯಿಂದ ಹಿಡಿದು ನಿಧಾನವಾಗಿ, ಒಂದು ಎಳೆಯೂ ಬಿಡದೆ. ಅಕ್ಕಿಹಿಟ್ಟು, ಕಲ್ಲುಪುಡಿ, ಅದರ ಕೆಳಗಿನ ಒದ್ದೆ ಮರಳು, ಮೂರೂ ಒಟ್ಟಿಗೆ ಒಳಗೆ ಹೋಗುತ್ತಿದ್ದವು. ಎಲ್ಲ ಮುಗಿಸಿ ಗೊರಸಿನಿಂದ ನೆಲ ಕೆರೆದು, ಏನೂ ಗೊತ್ತಿಲ್ಲದವನ ಹಾಗೆ ನಿಂತ.

"ಬಂಡೆಪ್ಪ, ಇದು ದಿನಾ ಹೀಗೇ ಮಾಡುತ್ತಾ?" ಎಂದೆ.

"ಹೂಂನ್ರಿ. ಅಮ್ಮಾರು ಹಾಕಿದ ರಂಗೋಲಿ ಅಂದ್ರ ಭಾಳ ಜೀವ ಅದಕ್ಕ," ಎಂದು ಅವನು ನಕ್ಕ. ಮೇವು ಏನು ತಿನ್ನುತ್ತದೆ ಎಂದು ಅವನನ್ನು ಎಲ್ಲರೂ ಕೇಳಿದ್ದೆವು. ರಂಗೋಲಿ ಮೇವಲ್ಲ, ಹಾಗಾಗಿ ಅವನು ಹೇಳಿರಲಿಲ್ಲ. ವನಮಾಲಾ ಮತ್ತೆ ಈಚೆ ಬರುವಷ್ಟರಲ್ಲಿ ನೆಲ ಕೆದರಿರುತ್ತಿತ್ತು, ಕುದುರೆ ತುಳಿದಿದೆ ಎಂದುಕೊಳ್ಳುತ್ತಿದ್ದಳು.

ನಾನು ಪೇಪರು ಮಡಚಿದೆ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಡಾಕ್ಟರು ಬಂದು ಜಾಡಿ ನೋಡುತ್ತಿದ್ದರು, ಕುದುರೆ ಪುಣೆಗೆ ಹೋಗಿ ಅಲ್ಲಿ ಚೆನ್ನಾಗಿಯೇ ಇರುತ್ತಿತ್ತು. ತನ್ನ ಕೈಯೇ ಅದಕ್ಕೆ ಕಲ್ಲು ತಿನ್ನಿಸಿತ್ತೆಂದು ವನಮಾಲಾಗೆ ಎಂದೂ ತಿಳಿಯುತ್ತಿರಲಿಲ್ಲ. ಯಾರಿಗೂ ನಷ್ಟವಿಲ್ಲ. ಆದರೆ ಹಿಂದಿನಿಂದ ಅವಳ ದನಿ ಕೇಳಿಸುತ್ತಿತ್ತು. ನಲ್ಲಿಯ ಹತ್ತಿರ ನಿಂತೇ ಗುಂಡಣ್ಣನಿಗೆ, ಪುಣೆಯಲ್ಲಿ ತುಂಬ ಚಳಿ ಕಣಪ್ಪ, ರಾತ್ರಿ ಹೊದೆಸೋಕೆ ಹೇಳ್ತೀನಿ, ಅಲ್ಲಿಯವರಿಗೆ ನಿನ್ನ ಮಾತು ಅರ್ಥವಾಗುತ್ತೋ ಇಲ್ಲವೋ ಎಂದು ಹೇಳುತ್ತಿದ್ದಳು. ಬಾಲ್ಕನಿಯಲ್ಲಿ ಮಾತಿಲ್ಲದೆ ಕೂತಿರುತ್ತಿದ್ದ ಆ ಹೆಂಗಸನ್ನು ಮತ್ತೆ ನೋಡಲು ನನಗೆ ಧೈರ್ಯವಿರಲಿಲ್ಲ.

"ವನೂ, ಇಲ್ಲಿ ಬಾ," ಎಂದೆ. ಅವಳು ಸೆರಗಿಗೆ ಕೈ ಒರೆಸುತ್ತ ಬಂದಳು. ನಾನು ಮಾತು ಸುತ್ತಿಬಳಸಲಿಲ್ಲ, ನನಗೆ ಅದು ಬರುವುದೂ ಇಲ್ಲ. "ಅವನ ಮೂತಿ ನೋಡು. ನಿನ್ನ ರಂಗೋಲಿ ನೆಕ್ತಾ ಇದ್ದಾನೆ. ದಿನಾ."

ಅವಳು ನೋಡಿದಳು. ಗುಂಡಣ್ಣನ ಕಪ್ಪು ತುಟಿಯ ಸುತ್ತ ಬೆಳ್ಳಗೆ ಪುಡಿ ಅಂಟಿತ್ತು. ಬೈಯುತ್ತಾಳೆ, ಅಳುತ್ತಾಳೆ, ಇಷ್ಟು ದಿನ ಕಣ್ಣು ಮುಚ್ಚಿಕೊಂಡಿದ್ದೆಯಾ ಎಂದು ಬಂಡೆಪ್ಪನನ್ನು ಕೇಳುತ್ತಾಳೆ ಎಂದುಕೊಂಡೆ. ಏನೂ ಮಾಡಲಿಲ್ಲ. ಮಂಡಿನೋವನ್ನೂ ಮರೆತು ನೆಲಕ್ಕೆ ಕೂತು, ಸೆರಗಿನ ತುದಿಯಿಂದ ಅದರ ತುಟಿ, ಮೂಗಿನ ಹೊಳ್ಳೆ ಒರೆಸಿದಳು. "ಅಕ್ಕಿಹಿಟ್ಟಿನ ಆಸೆಗೆ ತಿಂದಿದೆ ಪಾಪ," ಎಂದಳು. ಇನ್ನೊಮ್ಮೆ ಒರೆಸಿ, "ನಾನೇ ಸಾಯಿಸ್ತಿದ್ನಲ್ಲ ರೀ," ಎಂದಳು. ನಾನು ಹೊರಗೆ ಚಹಾ ತರಲು ಹೋದೆ.

ಡಾಕ್ಟರು ಬಂದಾಗ ಅವಳೇ ಹೇಳಿದಳು. ಅವರಿಗೆ ಕನ್ನಡ ಬಾರದಿದ್ದರೂ ಯಾರ ಕೈಯಲ್ಲೂ ಹೇಳಿಸಲಿಲ್ಲ. ರಂಗೋಲಿ ಇದ್ದ ಜಾಗವನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ಕುದುರೆಯ ಬಾಯಿ ತೋರಿಸಿದಳು. ಅನುರಾಧಾ ಮೊದಲು ಬೆರಗಾದರು, ಆಮೇಲೆ ನಕ್ಕರು, ನಗು ತಡೆದು ಅವಳ ಬೆನ್ನು ಸವರಿದರು. ಕಾರಣ ಸಿಕ್ಕಿದ ಮೇಲೆ ಪುಣೆ ಯಾಕೆ, ಈ ತಿಂಗಳು ಇಸಬ್ಗೋಲ್ ಇನ್ನೊಂದು ಸರದಿ ಕೊಡಿ, ನೆಲದ ಮೇಲೆ ತಿನ್ನುವಂಥದ್ದು ಏನೂ ಇರಬಾರದು ಎಂದರು. ಏನೂ ಎಂಬ ಮಾತನ್ನು ಡಾಕ್ಟರ ಜೊತೆ ಬಂದಿದ್ದ ರಂಜನಿ ಅಮ್ಮನಿಗೆ ಎರಡು ಸಲ ಕನ್ನಡದಲ್ಲಿ ಹೇಳಿದಳು. ಬಂಡೆಪ್ಪನ ಹತ್ತಿರ ನಾನು ತಪ್ಪಾಯಿತು ಎಂದೆ. "ಹೋಗ್ಲಿ ಬಿಡ್ರಿ ಸಾಹೇಬ್ರ," ಎಂದ.

ಮಾರನೆಯ ದಿನ ನಾನು ಮತ್ತೆ ಜೊತೆಗೆ ಹೋದೆ. ಅವಳು ಒಬ್ಬಳೇ ಹೋಗುವುದು ನನಗೆ ಸರಿಕಾಣಲಿಲ್ಲ. ಮದುವೆಯಾಗಿ ಬಂದ ದಿನದಿಂದ ಬೆಳಿಗ್ಗೆ ಎದ್ದು ಬಾಗಿಲಿಗೆ ರಂಗೋಲಿ ಹಾಕದೆ ಅವಳು ಬಿಟ್ಟದ್ದು ನನ್ನ ಅಪ್ಪ ಅಮ್ಮ ತೀರಿಕೊಂಡಾಗ ಮಾತ್ರ. ಲಾಯದ ಮುಂದೆ ಸ್ವಲ್ಪ ಹೊತ್ತು ನಿಂತಳು. ಬೆರಳುಗಳು ತಮ್ಮಷ್ಟಕ್ಕೆ ಚಿಟಿಕೆ ಹಿಡಿದಂತೆ ಕೂಡಿಕೊಂಡಿದ್ದವು. ಆಮೇಲೆ ಪೊರಕೆ ತೆಗೆದುಕೊಂಡು ಬಾಗಿಲನ್ನು ಗುಡಿಸಿ ಹಾಗೇ ಬಿಟ್ಟಳು.

ಬಂಡೆಪ್ಪ ಬಕೆಟ್ಟು ಹಿಡಿದು ಬಂದವನು ಆ ಬೋಳು ನೆಲ ನೋಡಿ ನಿಂತುಬಿಟ್ಟ. ನಮ್ಮಲ್ಲಿಯ ಹಾಗೆ ಅವನ ಊರಲ್ಲೂ ರಂಗೋಲಿಯಿಲ್ಲದ ಬಾಗಿಲಿಗೆ ಒಂದೇ ಅರ್ಥ. ಮುಖ ಸಣ್ಣದಾಗಿ, "ಅಮ್ಮಾರ, ಮನ್ಯಾಗ ಯಾರಿಗರ ಏನರ ಆತೇನ್ರಿ?" ಎಂದು ಮೆಲ್ಲಗೆ ಕೇಳಿದ.

"ಯಾರಿಗೂ ಏನೂ ಆಗಿಲ್ಲಪ್ಪ," ಎಂದಳು ವನಮಾಲಾ. "ಆಗಬಾರದು ಅಂತಲೇ ಹಾಕಿಲ್ಲ."

ಹಾಗೆಂದವಳು ಗುಂಡಣ್ಣನ ಟಬ್ಬಿಗೆ ಹುಲ್ಲು ತುಂಬಲು ಒಳಗೆ ಹೋದಳು.