ಅರ್ಧ ಬಕೆಟ್

ಹಗ್ಗ ಇನ್ನೂ ಕೈಯಲ್ಲಿ ಉಳಿದಿರುವಾಗಲೇ ಬಕೆಟ್ಟು ಬಾವಿಯ ತಳದ ಕಲ್ಲಿಗೆ ಬಡಿಯಿತು. ಅಕ್ಕ ಎಳೆದು ಮತ್ತೆ ಬಿಟ್ಟಳು. ಮೇಲೆ ಬಂದದ್ದು ಒಂದಿಷ್ಟು ಕೆಸರು.

“ಬಿಡಿ ಅಕ್ಕಾ, ಅದು ಬತ್ತಿ ಎಷ್ಟೋ ದಿನ ಆಯ್ತು,” ಎಂದಳು ಅಡುಗೆಯವಳು.

“ಮತ್ತೆ ನನ್ನ ತಂಗೀನ ಯಾವುದ್ರಲ್ಲಿ ತೊಳೀಲಿ? ಉಗುಳಲ್ಲಾ?”

ತೀರಿಹೋದ ತಂಗಿಯನ್ನು ಬಟ್ಟೆ ಒಗೆಯುವ ಕೋಣೆಯಲ್ಲಿ ಹಲಗೆಯ ಮೇಲೆ ಮಲಗಿಸಿದ್ದರು. ಮೌನಕ್ಕೆ, ಪ್ರಾರ್ಥನೆಗೆ ಎಂದು ಜನ ಬಂದು ಇದ್ದು ಹೋಗುವ ಆ ಮನೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವುದು ಅವಳ ಕೆಲಸವಾಗಿತ್ತು. ಕಂಡವರ ಕೊಳೆಯನ್ನೆಲ್ಲ ತೆಗೆದವಳ ಕತ್ತಿನ ಮಡಿಕೆಯಲ್ಲಿ ಕೊಳೆ ಕಪ್ಪಗೆ ಗೆರೆ ಕಟ್ಟಿತ್ತು. ಊರಿಂದ ಬಂದಿದ್ದ ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಮೈತುಂಬ ನೀರು ಹಾಕಿ ಒಮ್ಮೆ ತೊಳೆದು ಕಳಿಸಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಮನೆ ನಡೆಸುವ ಹಿರಿಯಮ್ಮ ಬಾಗಿಲಿಗೆ ಬಂದರು. “ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕಮ್ಮ. ಅವಳಿಗೂ ಅದೇ ಇಷ್ಟ ಆಗ್ತಿತ್ತು. ಇವಳಷ್ಟು ನೇಮ ಪಾಲಿಸಿದವರು ಇಲ್ಲಿ ಯಾರಿದ್ದಾರೆ?”

*

ಒಬ್ಬರಿಗೆ ದಿನಕ್ಕೆ ಒಂದು ಬಕೆಟ್ ನೀರು. ಮಣ್ಣಲ್ಲಿ ಕರಗದ ವಸ್ತು ಮನೆಯೊಳಗೆ ಬರಬಾರದು. ಇವು ಅಲ್ಲಿನ ನೇಮಗಳು. ತಂಗಿ ಅರ್ಧದಲ್ಲೇ ಮುಗಿಸಿ ಉಳಿದರ್ಧವನ್ನು ತರಕಾರಿ ಮಡಿಗೆ ಹೊಯ್ಯುತ್ತಿದ್ದಳು.

“ಏನೇ ಅರ್ಧ ಬಕೆಟ್, ಇವತ್ತು ಎಡಗಡೆ ಸ್ನಾನವೋ ಬಲಗಡೆಯೋ?” ಎಂದು ಅಡುಗೆಯವಳು ಕೆಣಕುವಳು.

“ಬಲಗಡೆ. ಎಡಗಡೆಗೆ ನಾಳೆ ಬಾ ಅಂದಿದೀನಿ.”

ಆಮೇಲೆ ಪಕ್ಕದ ಜಮೀನಿಗೆ ಬಾಟಲಿ ನೀರಿನ ಕಾರ್ಖಾನೆ ಬಂತು. ಬಾವಿ ಇಳಿಯತೊಡಗಿತು. ತಂಗಿ ಆ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಳು. “ರಾಶಿ ರಾಶಿ ಬಟ್ಟೆ ಒಗೆಯೋದು ನಾನೇ ಅಲ್ವಾ? ನನ್ನ ಕೈಯೇ ದುಂದು,” ಎಂದು ಹಿರಿಯಮ್ಮನ ಮುಂದೆ ಅತ್ತಳು. ಹಿರಿಯಮ್ಮನಿಗೆ ಕಾರಣ ಗೊತ್ತಿತ್ತು. ಆದರೆ ಬಂದವರಿಗೆಲ್ಲ ಇವಳನ್ನು ಮಾದರಿಯೆಂದು ತೋರಿಸಿ ನಾಲ್ಕು ಮಾತು ಹೇಳುವುದು ಅವರಿಗೆ ರೂಢಿಯಾಗಿತ್ತು. “ಇನ್ನೂ ಸ್ವಲ್ಪ ನೋಡ್ಕೊಂಡು ಬಳಸಮ್ಮ,” ಎಂದರು.

ತಂಗಿ ತಲೆಗೂದಲು ಕತ್ತರಿಸಿಕೊಂಡಳು. ಕುಡಿಯುವುದನ್ನೂ ಕಡಿಮೆ ಮಾಡಿದಳು. ಕೂದಲು ಕತ್ತರಿಸಿದ್ದನ್ನು ಎಲ್ಲರೂ ನೋಡಿದರು. ನೀರು ಕುಡಿಯದೆ ಇರುವುದು ಯಾರ ಕಣ್ಣಿಗೆ ಬೀಳುತ್ತದೆ?

*

“‘ಕಿಡ್ನಿ ಒಣಗಿಹೋಗಿದೆ, ನೀರು ಕೊಡ್ತಿರ್ಲಿಲ್ವಾ?’ ಅಂತ ಡಾಕ್ಟರು ನನ್ನನ್ನ ಬೈದ್ರು,” ಎಂದಳು ಅಕ್ಕ. “ಇವಳು ನೋಡಿದ್ರೆ ಕೊನೇವರೆಗೂ ಒಂದೇ ಮಾತು: ‘ಬಾವಿ ನನ್ನಿಂದ ಬತ್ತಿತು ಅಕ್ಕ.’”

ಅಡುಗೆಯವಳು ಅಂಗಳಕ್ಕೆ ಹೋದಳು. ಸಾವಿಗೆ ಬಂದವರು ಕುಡಿಯಲೆಂದು ಕಾರ್ಖಾನೆಯವರು ಕಳಿಸಿದ್ದ ಬಾಟಲಿಗಳ ಪೆಟ್ಟಿಗೆಯನ್ನು ಎಳೆದುಕೊಂಡು ಬಂದಳು.

“ಪ್ಲಾಸ್ಟಿಕ್ಕು! ಈ ಮನೆಯೊಳಗೆ?” ಎಂದರು ಹಿರಿಯಮ್ಮ.

“ಹೊರಗಿನದೇನಲ್ಲ ಅಮ್ಮ, ನಮ್ಮ ಬಾವಿ ನೀರೇ. ಮುಚ್ಚಳ ಹಾಕ್ಕೊಂಡು ನೆಂಟರ ಥರ ಬಂದಿದೆ.”

ಅಕ್ಕ ತಲೆಯೆತ್ತಿದಳು. “ಅಂದ್ರೆ? ಬಾವಿ ಬತ್ತಿದ್ದು ಇವಳಿಂದ ಅಲ್ವಾ?”

“ಎಲ್ಲಾದ್ರೂ ಉಂಟಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಇವಳು ಬರೆ ತಾನೇ ಹಾಕ್ಕೊಂಡಳು.”

“ನಿಮಗೂ ಗೊತ್ತಿತ್ತಾ ಅಮ್ಮ?”

ಹಿರಿಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಹೇಳಿದ್ರೆ ಏನಾಗ್ತಿತ್ತು? ಬಾವಿ ತುಂಬ್ತಿತ್ತಾ?”

“ಇವಳು ಕುಡೀತಿದ್ಲು.”

ಅಡುಗೆಯವಳು ಮುಚ್ಚಳ ತಿರುಗಿಸಿ ತಿರುಗಿಸಿ ಕೊಟ್ಟಳು. ಅಕ್ಕ ಮೊದಲನೆಯದನ್ನು ತಂಗಿಯ ಒಡೆದ ತುಟಿಗೆ ಹಿಡಿದಳು. ನೀರು ಕೆನ್ನೆಯ ಮೇಲಿಂದ ಇಳಿದು ಹೋಯಿತು. ಬಾಟಲಿಗಳ ಬಾಯಿ ಸಣ್ಣದು. ಒಂದೊಂದೂ ಗುಳುಗುಳು ಎಂದು ನಿಧಾನಕ್ಕೆ ಖಾಲಿಯಾಯಿತು. ಕತ್ತು, ಕಿವಿಯ ಹಿಂದೆ, ಬೆರಳ ಸಂದಿ, ಎಲ್ಲ ಕಡೆ ಅಕ್ಕ ತಿಕ್ಕಿ ತೊಳೆದಳು. ಕೊಳೆಯ ಕೆಳಗೆ ಎಳೆಯ ಹುಡುಗಿಯ ಚರ್ಮದಂಥದ್ದೇ ಚರ್ಮವಿತ್ತು.

ಮಧ್ಯಾಹ್ನ ನಾಲ್ಕು ಜನ ಹಲಗೆಯನ್ನು ಹೆಗಲಿಗೇರಿಸಿದರು. ಕಿರಿದಾದ ರಸ್ತೆ. ಕಾರ್ಖಾನೆಯಿಂದ ತುಂಬಿದ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಹೊತ್ತವರು ಚರಂಡಿಯ ಅಂಚಿಗೆ ಸರಿದು ದಾರಿ ಬಿಟ್ಟರು. ಮೊದಲ ಲಾರಿಯ ಚಾಲಕ ಹಾರ್ನ್ ಹೊಡೆಯದೆ, ಟೋಪಿ ತೆಗೆದು, ಮೆಲ್ಲಗೆ ದಾಟಿಸಿದ. ಧೂಳೆದ್ದು ತೊಳೆದ ಮುಖದ ಮೇಲೂ ಇನ್ನೂ ಆರದ ಕೂದಲ ಮೇಲೂ ಕೂತಿತು. ಒರೆಸಲು ಅಕ್ಕ ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಹೆಗಲ ಮೇಲಿನ ಹಲಗೆ ಅವಳಿಗೆ ಎಟುಕಲಿಲ್ಲ.